ತಿಂಗಳು ಮೊದಲು, ಜಾಗ ಆಮೇಲೆ: ಖಾನಾಪುರದ ಘಟ್ಟದಿಂದ ಬಾದಾಮಿಯ ಬಂಡೆಯವರೆಗೆ ವರ್ಷವಿಡೀ ಸುತ್ತಾಡಲು ಸಮಗ್ರ ಮಾರ್ಗದರ್ಶಿ

ಜುಲೈ ತಿಂಗಳ ಭಾನುವಾರ ಬೆಳಗಾವಿಯಿಂದ ಹೊರಡುವ ಗಾಡಿಗಳು ಹೆಚ್ಚಾಗಿ ಒಂದೇ ದಾರಿ ಹಿಡಿಯುತ್ತವೆ: ಜಾಂಬೋಟಿ, ಕಣಕುಂಬಿ, ಚೋರ್ಲಾ. ಹೋದವರಲ್ಲಿ ಅರ್ಧ ಜನ ಮಂಜಿನಲ್ಲಿ ಏನೂ ಕಾಣದೆ, ಅರಣ್ಯದ ಗೇಟಿನಲ್ಲಿ ತಡೆದು ವಾಪಸ್ ಕಳಿಸಿದ್ದಕ್ಕೆ ಬೇಸರಪಟ್ಟು, ತೊಯ್ದು ತೊಪ್ಪೆಯಾಗಿ ಮರಳುತ್ತಾರೆ. ಅದೇ ಜಾಗ ಅಕ್ಟೋಬರ್ ಕೊನೆಯಲ್ಲಿ ತಿಳಿ ಆಕಾಶದಡಿ ಹಸಿರು ಹೊದ್ದು ಕೂತಿರುತ್ತದೆ, ಆಗ ನೋಡಲು ಜನ ಇರುವುದಿಲ್ಲ. ಬಾದಾಮಿಯ ಕೆಂಪು ಬಂಡೆಗೆ ಮೇ ತಿಂಗಳ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗುವುದೂ ಇದೇ ಬಗೆಯ ತಪ್ಪು.

ನಮ್ಮ ಭಾಗದ ವಿಶೇಷವೆಂದರೆ ಬೆಳಗಾವಿ ನಿಂತಿರುವ ಜಾಗ. ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದ ಈ ಊರಿನಿಂದ ಪಶ್ಚಿಮಕ್ಕೆ ಎರಡು ತಾಸು ಹೋದರೆ ಆಂಬೋಲಿ, ಅಲ್ಲಿ ವರ್ಷಕ್ಕೆ ಸರಾಸರಿ 7000 ಮಿ.ಮೀ. ಮೀರಿ ಮಳೆ. ಪೂರ್ವಕ್ಕೆ ಮೂರು ತಾಸು ಹೋದರೆ ಬಾದಾಮಿ, ಅಲ್ಲಿ 600 ಮಿ.ಮೀ. ಆಸುಪಾಸು. ಮೋಡಗಳು ಸಹ್ಯಾದ್ರಿಯ ಅಂಚಿನಲ್ಲೇ ನೀರು ಸುರಿದು ಹಗುರಾಗಿ ಬಯಲುಸೀಮೆಗೆ ಬರುತ್ತವೆ. ಹಾಗಾಗಿ ವರ್ಷದ ಯಾವ ತಿಂಗಳಿನಲ್ಲಾದರೂ ಹೋಗಲು ಒಂದು ಒಳ್ಳೆಯ ಜಾಗ ಇದ್ದೇ ಇರುತ್ತದೆ. ಆದರೆ ತಿಂಗಳು ನೋಡಿ ಜಾಗ ಆರಿಸಬೇಕೇ ಹೊರತು, ಜಾಗ ನಿಶ್ಚಯಿಸಿಕೊಂಡು ಸಿಕ್ಕ ರಜೆಗೆ ಹೊರಡಬಾರದು. ಈ ಮಾರ್ಗದರ್ಶಿ ಪೂರ್ತಿ ನಿಂತಿರುವುದು ಈ ಒಂದು ಮಾತಿನ ಮೇಲೆ.

ಹೆಜ್ಜೆ 1: ತಿಂಗಳಿಗೆ ತಕ್ಕ ದಿಕ್ಕು

ಜೂನ್ ಮೊದಲ ಎರಡು ವಾರ ಎಲ್ಲಿಗೂ ಆತುರ ಬೇಡ. ಬೇಸಿಗೆಯುದ್ದಕ್ಕೂ ರಸ್ತೆಯ ಮೇಲೆ ಕೂತ ಎಣ್ಣೆ, ಧೂಳು ಮೊದಲ ಮಳೆಗೆ ಕಲಸಿ ಜಾರಿಕೆಯಾಗುತ್ತವೆ. ಜಲಪಾತಗಳಲ್ಲೂ ಆಗಿನ್ನೂ ಕೆಂಪು ರಾಡಿ ನೀರು. ಜುಲೈ, ಆಗಸ್ಟ್ ಗೋಕಾಕ ಮತ್ತು ಗೋಡಚಿನಮಲ್ಕಿ ಜಲಪಾತಗಳ ಕಾಲ. ಘಟ್ಟದ ಕಡೆ ಹೋದರೆ ಡಾಂಬರು ರಸ್ತೆ ಬಿಟ್ಟು ಇಳಿಯದೆ ನೋಡಿ ಬರುವಷ್ಟೇ. ಸೆಪ್ಟೆಂಬರಿನಲ್ಲಿ ಮಳೆ ಬಿಟ್ಟು ಬಿಟ್ಟು ಬರುತ್ತದೆ. ಘಟ್ಟದ ನೆತ್ತಿಯ ಜಂಬಿಟ್ಟಿಗೆ ಬಯಲುಗಳಲ್ಲಿ ಸಣ್ಣ ಹೂಗಳು ಹಾಸಿಕೊಳ್ಳುತ್ತವೆ. ಅಂಗೈ ಅಗಲದ ಮಣ್ಣಿನಲ್ಲಿ ಹತ್ತಾರು ಗಿಡ ಇರುವುದರಿಂದ ಒಂದು ಹೆಜ್ಜೆ ಅಡ್ಡ ಇಟ್ಟರೂ ಹಾಳು, ಬಂಡೆ ಕಾಣುವಲ್ಲೇ ಕಾಲಿಡಿ.

ಅಕ್ಟೋಬರ್ ನಡುವಿನಿಂದ ನವೆಂಬರ್ ಕೊನೆಯವರೆಗೆ ನಡಿಗೆಗೆ ಇಡೀ ವರ್ಷದ ಶ್ರೇಷ್ಠ ಕಾಲ. ಹಳ್ಳದಲ್ಲಿ ಇನ್ನೂ ನೀರಿರುತ್ತದೆ, ಗಾಳಿ ತಿಳಿಯಾಗಿರುತ್ತದೆ, ಜಿಗಣೆ ಕಡಿಮೆಯಾಗಿರುತ್ತವೆ. ಡಿಸೆಂಬರ್‌ನಿಂದ ಫೆಬ್ರವರಿ ಬಾದಾಮಿ, ಮಹಾಕೂಟ, ಘಟಪ್ರಭೆಯ ಹಕ್ಕಿಗಳು. ಮಾರ್ಚ್‌ನಿಂದ ಮೇವರೆಗೆ ಬೆಳಗಿನ ಮೂರು ತಾಸು ಮಾತ್ರ ನಿಮ್ಮದು, ಉಳಿದ ಹೊತ್ತು ಬಿಸಿಲಿನದು.

ಹೆಜ್ಜೆ 2: ಅನುಮತಿ, ಹೊರಡುವ ಹಿಂದಿನ ದಿನವಲ್ಲ, ವಾರ ಮೊದಲು

ಭೀಮಗಡ 2011ರ ಡಿಸೆಂಬರಿನಲ್ಲಿ ವನ್ಯಜೀವಿಧಾಮವಾಯಿತು. ವಿಸ್ತೀರ್ಣ ಸುಮಾರು 190 ಚದರ ಕಿಲೋಮೀಟರ್. ಶಿವಾಜಿ ಕಾಲದ ಭೀಮಗಡ ಕೋಟೆ, ಅಪರೂಪದ ಬಾವಲಿಗಳಿರುವ ಬಾರಾಪೇಡೆ ಗವಿಗಳು, ಮಹದಾಯಿಯ ವಜ್ರಪೋಹಾ ಜಲಪಾತ ಎಲ್ಲವೂ ಈ ಕಾಡಿನ ಒಡಲಲ್ಲಿವೆ. ಅನುಮತಿ ಇಲ್ಲದೆ ಒಳಗೆ ಹೋಗುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಮಳೆಗಾಲದಲ್ಲಿ ಖಾನಾಪುರ ಭಾಗದ ಕಾಡಿನೊಳಗಿನ ಜಲಪಾತಗಳಿಗೆ ಅರಣ್ಯ ಇಲಾಖೆ ಪ್ರವೇಶವನ್ನೇ ನಿಲ್ಲಿಸುವುದುಂಟು. "ಹಿಂದಿನ ವಾರ ನಮ್ಮ ಗೆಳೆಯರು ಹೋಗಿದ್ದರು" ಎಂಬ ಮಾತು ಗೇಟಿನಲ್ಲಿ ನಡೆಯುವುದಿಲ್ಲ, ನಡೆಯಲೂಬಾರದು.

ರಾಜ್ಯದ ಅರಣ್ಯ ಇಲಾಖೆಯ ಚಾರಣದ ದಾರಿಗಳಿಗೆ 'ಅರಣ್ಯ ವಿಹಾರ' ಜಾಲತಾಣದಲ್ಲಿ ಟಿಕೆಟ್ ಕಾಯ್ದಿರಿಸಬೇಕು. ನಿಮಗೆ ಬೇಕಾದ ದಾರಿ ಅದರಲ್ಲಿ ಕಾಣದಿದ್ದರೆ, ತೆರೆದಿದೆ ಎಂದು ಅಂದುಕೊಳ್ಳಬೇಡಿ. ಖಾನಾಪುರದ ಅರಣ್ಯ ಕಚೇರಿಯಲ್ಲಿ ಕೇಳಿ. ಕಾಡಿನಲ್ಲಿ ಒಂದು ರಾತ್ರಿ ಉಳಿಯಬೇಕೆನ್ನುವವರಿಗೆ ಹೆಮ್ಮಡಗಾದ ಪ್ರಕೃತಿ ಶಿಬಿರವೇ ಸರಿಯಾದ ದಾರಿ. ಸ್ವಂತ ಟೆಂಟ್ ಹೊಡೆದು ಬೆಂಕಿ ಹಾಕಿಕೊಂಡು ಕೂಡುವ ಆಸೆ ಇದ್ದರೆ ಅದನ್ನು ಖಾಸಗಿ ಹೊಲದಲ್ಲಿ, ಮಾಲೀಕರ ಒಪ್ಪಿಗೆ ಪಡೆದು ತೀರಿಸಿಕೊಳ್ಳಿ. ಚೋರ್ಲಾ ದಾಟಿ ಸುರ್ಲಾ ಕಡೆ ಇಳಿದರೆ ಅದು ಗೋವಾ. ಅಲ್ಲಿನ ಮಹದಾಯಿ ಅಭಯಾರಣ್ಯಕ್ಕೆ ಅಲ್ಲಿನ ಇಲಾಖೆಯ ಅನುಮತಿಯೇ ಬೇಕು, ಇಲ್ಲಿನ ಚೀಟಿ ನಡೆಯುವುದಿಲ್ಲ.

ಹೆಜ್ಜೆ 3: ಮಳೆಯ ಅಂಕಿ ಓದುವುದು

ಹವಾಮಾನ ಇಲಾಖೆಯ ಭಾಷೆಯಲ್ಲಿ 24 ತಾಸಿನಲ್ಲಿ 64.5ರಿಂದ 115.5 ಮಿ.ಮೀ. ಬಿದ್ದರೆ ಭಾರಿ ಮಳೆ, 204.4ರವರೆಗೆ ಅತಿ ಭಾರಿ, ಅದಕ್ಕೂ ಮೀರಿದರೆ ಅತ್ಯಂತ ಭಾರಿ. ಕಿತ್ತಳೆ ಅಥವಾ ಕೆಂಪು ಎಚ್ಚರಿಕೆ ಇದ್ದ ದಿನ ಘಟ್ಟದ ಕಾರ್ಯಕ್ರಮ ರದ್ದು, ಚರ್ಚೆಯೇ ಬೇಡ. ಹಳದಿ ಇದ್ದರೆ ರಸ್ತೆಯ ಮೇಲಿಂದ ನೋಡಿ ಬರಬಹುದು.

ಒಂದು ದಿನದ ಅಂಕಿ ಮಾತ್ರ ನೋಡಿದರೆ ಸಾಲದು. ನಾಲ್ಕೈದು ದಿನ ಎಡೆಬಿಡದೆ ಸುರಿದ ಮೇಲೆ ನೆಲ ಇನ್ನು ನೀರು ಕುಡಿಯುವುದಿಲ್ಲ. ಆಗ ಸಾಧಾರಣ ಮಳೆಯೂ ನೇರ ಹಳ್ಳಕ್ಕಿಳಿಯುತ್ತದೆ, ಗುಡ್ಡದ ಮಗ್ಗಲು ಸಡಿಲಾಗಿ ಮಣ್ಣು ಕುಸಿಯುತ್ತದೆ. ಬಿಸಿಲು ಬಿದ್ದ ಮೊದಲ ದಿನವೇ ಓಡುವ ಬದಲು ಎರಡು ದಿನ ತಡೆಯಿರಿ.

ಇನ್ನೂ ಮುಖ್ಯವಾದ ಸಂಗತಿ: ನೀವು ನಿಂತ ಜಾಗದ ಮಳೆಗೂ ನಿಮ್ಮ ಮುಂದಿನ ನೀರಿಗೂ ಸಂಬಂಧ ಇರಲೇಬೇಕೆಂದಿಲ್ಲ. ಗೋಕಾಕದಲ್ಲಿ ಬಿಸಿಲಿದ್ದರೂ ಘಟಪ್ರಭಾ ಉಕ್ಕಬಹುದು, ಏಕೆಂದರೆ ಆ ನೀರು ಬರುವುದು ಸಹ್ಯಾದ್ರಿಯ ಮಳೆಯಿಂದ ಮತ್ತು ಹಿಡಕಲ್ ಜಲಾಶಯ ತುಂಬಿದ ಮೇಲೆ ಬಿಡುವ ಹೊರಹರಿವಿನಿಂದ. ಜಲಪಾತ ಮೈದುಂಬಿದ್ದನ್ನು ನೋಡಬೇಕೆಂದರೂ, ಅಪಾಯ ತಪ್ಪಿಸಬೇಕೆಂದರೂ, ನೋಡಬೇಕಾದದ್ದು ಹಿಡಕಲ್ ಹೊರಹರಿವಿನ ಸುದ್ದಿ. ಸ್ಥಳೀಯ ಪತ್ರಿಕೆಗಳಲ್ಲಿ ಮಳೆಗಾಲದಲ್ಲಿ ಅದು ದಿನವೂ ಬರುತ್ತದೆ.

ಹೆಜ್ಜೆ 4: ಜಲಪಾತದ ಮುಂದೆ ನಡೆದುಕೊಳ್ಳುವ ರೀತಿ

ಗೋಕಾಕದಲ್ಲಿ ಘಟಪ್ರಭಾ ಸುಮಾರು 52 ಮೀಟರ್ ಆಳಕ್ಕೆ ಒಂದೇ ನೆಗೆತದಲ್ಲಿ ಧುಮುಕುತ್ತದೆ. ಅಂಚು ಕುದುರೆಲಾಳದ ಆಕಾರದ್ದು, ನೆರೆ ಬಂದಾಗ ಅದರ ಅಗಲ 170 ಮೀಟರ್ ದಾಟುತ್ತದೆ. 1887ರಲ್ಲೇ ಇಲ್ಲಿ ನೀರಿನಿಂದ ವಿದ್ಯುತ್ ತೆಗೆದರು. ತೂಗುಸೇತುವೆಗೆ ಬಿಡುತ್ತಾರೋ ಇಲ್ಲವೋ ಎಂಬುದು ಆ ದಿನದ ನೀರಿನ ಮೇಲೆ, ಅಲ್ಲಿನ ಕಾವಲಿನವರ ಮೇಲೆ. ಸೇತುವೆಯನ್ನೇ ನಂಬಿ ಹೋಗಬೇಡಿ, ಚಾಲುಕ್ಯ ಶೈಲಿಯ ಮಹಾಲಿಂಗೇಶ್ವರ ಗುಡಿಯ ಬದಿಯಿಂದಲೂ ನೋಟ ಚೆನ್ನಾಗಿದೆ. ಹತ್ತಿರದ ಗೋಡಚಿನಮಲ್ಕಿಯಲ್ಲಿ ಮಾರ್ಕಂಡೇಯ ನದಿ ಎರಡು ಹಂತವಾಗಿ ಇಳಿಯುತ್ತದೆ, ಮೊದಲನೆಯದು ಸುಮಾರು 25 ಮೀಟರ್, ಎರಡನೆಯದು 18. ಎತ್ತರ ಕಡಿಮೆ, ಹತ್ತಿರ ಹೋಗುವುದು ಸುಲಭ. ಅಪಾಯ ಇರುವುದೂ ಅದೇ ಕಾರಣಕ್ಕೆ.

ಇಲ್ಲಿನ ಬಂಡೆ ಮರಳುಗಲ್ಲು. ಒಣಗಿದಾಗ ಚಪ್ಪಲಿ ಕಚ್ಚಿ ಹಿಡಿಯುತ್ತದೆ. ತೊಯ್ದು ಅದರ ಮೇಲೆ ತೆಳು ಪಾಚಿ ಕೂತರೆ ಎಷ್ಟು ಒಳ್ಳೆಯ ಬೂಟೂ ನಿಲ್ಲುವುದಿಲ್ಲ. ಪಾಚಿ ಯಾವಾಗಲೂ ಹಸಿರಾಗಿರುವುದಿಲ್ಲ, ಕಪ್ಪಗೆ ಮಿರಿಮಿರಿ ಮಿಂಚುವ ತೇಪೆ ಹೆಚ್ಚು ಜಾರುತ್ತದೆ. ಅಂಚಿನಿಂದ ಕನಿಷ್ಠ ಐದು ಮೀಟರ್ ಹಿಂದೆ ನಿಲ್ಲಿ. ಫೋಟೊ ತೆಗೆಯುವವರು ಹಿಂದೆ ಹಿಂದೆ ಸರಿಯಬಾರದು. ಮಕ್ಕಳ ಕೈ ಬಿಡಬಾರದು.

ಧುಮುಕುವ ನೀರಿನ ಬುಡದ ಹೊಂಡಕ್ಕೆ ಇಳಿಯಲೇಬೇಡಿ. ಮೇಲೆ ಶಾಂತವಾಗಿ ಕಂಡರೂ ಒಳಗೆ ನೀರು ಸುತ್ತು ಹೊಡೆಯುತ್ತಿರುತ್ತದೆ. ಕೆಳಕ್ಕೆಳೆದು ಮತ್ತೆ ಜಲಪಾತದ ಬುಡಕ್ಕೇ ತಂದು ಬಿಡುತ್ತದೆ. ನೊರೆ ತುಂಬಿದ ನೀರಿನಲ್ಲಿ ಗಾಳಿ ಬೆರೆತಿರುವುದರಿಂದ ಅದು ಮೈಯನ್ನು ತೇಲಿಸುವುದೂ ಕಡಿಮೆ. ಒಳ್ಳೆಯ ಈಜುಗಾರರು ಸಾಯುವುದು ಇಲ್ಲೇ. ಬಂಡೆಯಲ್ಲಿ ನೀರು ಕೊರೆದ ಗುಂಡಿಗಳಿಗೆ ಕಾಲು ಸಿಕ್ಕಿಕೊಂಡರಂತೂ ಮೊಣಕಾಲು ಆಳದ ನೀರೂ ಮುಳುಗಿಸಬಲ್ಲದು.

ನೀರು ಏರುವ ಮುನ್ಸೂಚನೆ ನಾಲ್ಕು. ತಿಳಿ ನೀರು ಇದ್ದಕ್ಕಿದ್ದಂತೆ ಕೆಂಪಾಗುವುದು. ಎಲೆ, ಕಡ್ಡಿ, ನೊರೆ ಒಟ್ಟಿಗೆ ತೇಲಿ ಬರುವುದು. ಈಗಷ್ಟೇ ಕಾಣುತ್ತಿದ್ದ ಕಲ್ಲು ಮುಳುಗುವುದು. ಹೊಳೆಯ ಸದ್ದು ದಪ್ಪವಾಗುವುದು. ಇವುಗಳಲ್ಲಿ ಒಂದು ಕಂಡರೂ ಚೀಲ, ಚಪ್ಪಲಿ, ಬುತ್ತಿ ಎತ್ತಿಕೊಳ್ಳಲು ನಿಲ್ಲದೆ ಮೇಲಕ್ಕೆ ಹತ್ತಿ. ಹೊಳೆಯುದ್ದಕ್ಕೂ ಓಡುವುದಲ್ಲ, ದಂಡೆಯ ಎತ್ತರಕ್ಕೆ. ಬಂದ ಕೂಡಲೇ ನೀರಂಚಿನ ಒಂದು ಕಲ್ಲನ್ನು ಗುರುತು ಹಾಕಿಕೊಂಡು ಹತ್ತು ನಿಮಿಷಕ್ಕೊಮ್ಮೆ ನೋಡುವ ಜವಾಬ್ದಾರಿಯನ್ನು ಗುಂಪಿನಲ್ಲಿ ಒಬ್ಬರಿಗೆ ಒಪ್ಪಿಸಿ.

ಹಳ್ಳ ದಾಟುವುದು ಅನಿವಾರ್ಯವಾದರೆ ಅಳತೆ ಮೊಣಕಾಲು. ಅದಕ್ಕಿಂತ ಆಳವಿದ್ದರೆ ದಾಟಬೇಡಿ. ಅಗಲ ಹೆಚ್ಚಿರುವಲ್ಲಿ ಆಳವೂ ವೇಗವೂ ಕಡಿಮೆ, ಅಲ್ಲಿ ದಾಟಿ. ಬೂಟು ಕಳಚಬೇಡಿ, ಬರಿಗಾಲು ಕಲ್ಲಿನ ನಡುವೆ ಸಿಕ್ಕುತ್ತದೆ. ಬೆನ್ನುಚೀಲದ ಸೊಂಟದ ಪಟ್ಟಿ ಬಿಚ್ಚಿಡಿ, ಬಿದ್ದರೆ ಚೀಲ ಕಳಚಿಹೋಗಲಿ. ಮುಖ ನೀರು ಬರುವ ಕಡೆಗಿರಲಿ, ಎದುರಿಗೆ ಕೋಲೂರಿ, ಕೋಲು ಗಟ್ಟಿ ನಿಂತ ಮೇಲೆ ಒಂದು ಕಾಲು, ಆಮೇಲೆ ಇನ್ನೊಂದು. ಹೋಗುವಾಗ ದಾಟಿದ ಹಳ್ಳ ಸಂಜೆ ಬರುವಾಗ ಹಾಗೇ ಇರುತ್ತದೆ ಎಂಬ ಖಾತ್ರಿ ಮಳೆಗಾಲದಲ್ಲಿ ಇಲ್ಲ.

ಹೆಜ್ಜೆ 5: ಘಟ್ಟದ ರಸ್ತೆ

ಚೋರ್ಲಾ ರಸ್ತೆಯಲ್ಲಿ ಮಂಜು ಕವಿದಾಗ ದೊಡ್ಡ ಲೈಟ್ ಹಾಕಿದರೆ ಬೆಳಕು ಮಂಜಿಗೆ ಬಡಿದು ಕಣ್ಣಿಗೇ ವಾಪಸ್ ಬರುತ್ತದೆ. ಡಿಪ್ ಲೈಟ್ ಹಾಕಿ. ಓಡುವ ಗಾಡಿಗೆ ನಾಲ್ಕೂ ಇಂಡಿಕೇಟರ್ ಹಾಕಬೇಡಿ, ನೀವು ಎತ್ತ ತಿರುಗುತ್ತೀರೆಂದು ಹಿಂದಿನವರಿಗೆ ತಿಳಿಯುವುದಿಲ್ಲ. ಇಳಿಜಾರಿನಲ್ಲಿ ಗೇರ್ ಇಳಿಸಿ ಎಂಜಿನ್ ಹಿಡಿತದಲ್ಲಿ ಇಳಿಯಿರಿ. ಬ್ರೇಕ್ ಒತ್ತಿಕೊಂಡೇ ಇಳಿದರೆ ಕಾದು ಹಿಡಿತ ಬಿಡುತ್ತದೆ. ಕಾರಿನ ಟೈರಿನ ಗೆರೆಗಳ ಆಳಕ್ಕೆ ಕಾನೂನು ಕೇಳುವುದು 1.6 ಮಿ.ಮೀ., ಮಳೆಯ ಘಟ್ಟಕ್ಕೆ 3 ಮಿ.ಮೀ. ಇಲ್ಲದೆ ಹೋಗಬೇಡಿ. ತಿರುವಿನಲ್ಲಿ ನಿಲ್ಲಿಸಿ ಫೋಟೊ ತೆಗೆಯುವುದು ಬೇಡ, ಮೇಲಿಂದ ಹೊಸ ಮಣ್ಣು, ಸಣ್ಣ ಕಲ್ಲು ಉದುರಿದ್ದು ಕಂಡರೆ ಅದರ ಕೆಳಗಂತೂ ಗಾಡಿ ನಿಲ್ಲಿಸಲೇಬೇಡಿ. ಪೆಟ್ರೋಲ್ ಬೆಳಗಾವಿಯಲ್ಲೇ ತುಂಬಿಸಿಕೊಳ್ಳಿ. ಜಾಂಬೋಟಿ ದಾಟಿದ ಮೇಲೆ ಮೊಬೈಲ್ ಸಿಗ್ನಲ್ ನಂಬುವಂತಿಲ್ಲ, ನಕಾಶೆಯನ್ನು ಮೊದಲೇ ಫೋನಿಗೆ ಇಳಿಸಿಕೊಳ್ಳಿ.

ಹೆಜ್ಜೆ 6: ಅಕ್ಟೋಬರ್-ನವೆಂಬರಿನ ನಡಿಗೆ

ಕಣಕುಂಬಿಯಲ್ಲಿ ಮಲಪ್ರಭಾ ಹುಟ್ಟುತ್ತಾಳೆ, ಸಮುದ್ರಮಟ್ಟದಿಂದ ಸುಮಾರು 792 ಮೀಟರ್ ಎತ್ತರದಲ್ಲಿ. ಅಲ್ಲಿಂದ 304 ಕಿ.ಮೀ. ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ನಡುವೆ ನವಿಲುತೀರ್ಥದ ಜಲಾಶಯದಿಂದ ಹುಬ್ಬಳ್ಳಿ-ಧಾರವಾಡದ ಜನ ಕುಡಿಯುವುದು ಇದೇ ನೀರು. ಹಾಗಾಗಿ ಉಗಮದ ಆಸುಪಾಸು ಸೋಪು, ಶಾಂಪೂ, ಪಾತ್ರೆ ತೊಳೆಯುವುದು ಯಾವುದೂ ಬೇಡ. ಶೌಚಕ್ಕೆ ಹಳ್ಳದಿಂದ ಕನಿಷ್ಠ 60 ಮೀಟರ್ ದೂರ ಹೋಗಿ ಒಂದು ಗೇಣು ಆಳದ ಗುಂಡಿ ತೋಡಿ ಮುಚ್ಚಿ.

ಮೊದಲ ಬಾರಿ ನಡೆಯುವವರು ಕಣಕುಂಬಿ ಸುತ್ತಲಿನ ಊರ ದಾರಿಗಳಿಂದ, ಅಸೋಗಾದ ಮಲಪ್ರಭಾ ದಂಡೆಯಿಂದ, ಕದಂಬರ ಹಲಸಿಯ ಸುತ್ತಲಿನ ಗುಡ್ಡಗಳಿಂದ ಶುರುಮಾಡಿ. ಬೆಳಗಾವಿಗೆ ಹತ್ತಿರದ ಯಳ್ಳೂರಿನ ರಾಜಹಂಸಗಡ ಅಭ್ಯಾಸಕ್ಕೆ ಸರಿಯಾದ ಗುಡ್ಡ. ಬುತ್ತಿ, ನೀರು ತುಂಬಿದ ಚೀಲ ಹೊತ್ತು ಅದನ್ನು ಹತ್ತಿಳಿದು ನೋಡಿದರೆ ನಿಮ್ಮ ಕಾಲು, ಬೂಟು ಎರಡರ ಬಲವೂ ಗೊತ್ತಾಗುತ್ತದೆ.

ಸಮಯದ ಲೆಕ್ಕ ಹೀಗೆ ಹಾಕಿ: ಸಮನೆಲದಲ್ಲಿ 3 ಕಿ.ಮೀ.ಗೆ ಒಂದು ತಾಸು, ಪ್ರತಿ 100 ಮೀಟರ್ ಏರಿಗೆ ಹದಿನೈದು ನಿಮಿಷ ಹೆಚ್ಚು. ರಾಡಿ, ಮಳೆ ಇದ್ದರೆ ಒಟ್ಟು ಸಮಯವನ್ನು ಒಂದೂವರೆ ಪಟ್ಟು ಮಾಡಿ. ಉದಾಹರಣೆಗೆ 9 ಕಿ.ಮೀ. ದಾರಿ, 200 ಮೀಟರ್ ಏರು ಎಂದರೆ ಮೂರೂವರೆ ತಾಸು, ರಾಡಿಯಲ್ಲಿ ಐದು ತಾಸು ಮೀರುತ್ತದೆ. ನವೆಂಬರಿನಲ್ಲಿ ಆರು ಗಂಟೆಯ ಸುಮಾರಿಗೆ ಸೂರ್ಯ ಮುಳುಗುತ್ತಾನೆ, ಮರದ ಕೆಳಗೆ ಅದಕ್ಕೂ ಅರ್ಧ ತಾಸು ಮೊದಲೇ ಕತ್ತಲು. ನಾಲ್ಕು ಗಂಟೆಗೆ ರಸ್ತೆ ಸೇರುವ ಹಾಗೆ ಹಿಂದಿನಿಂದ ಲೆಕ್ಕ ಹಾಕಿ ಹೊರಡಿ. ಮಧ್ಯಾಹ್ನ ಒಂದು ಗಂಟೆಗೆ ಎಲ್ಲೇ ಇರಿ, ಅಲ್ಲಿಂದ ತಿರುಗಿ. ಗುರಿ ಮುಂದೆ ಕಾಣುತ್ತಿದ್ದರೂ ತಿರುಗಿ.

ಜಿಗಣೆಗಳಿಗೆ ಪ್ಯಾಂಟನ್ನು ಸಾಕ್ಸ್ ಒಳಗೆ ತುರುಕಿ, ಸಾಕ್ಸ್ ಮೇಲೆ ಬೇವಿನೆಣ್ಣೆ ಅಥವಾ ತಂಬಾಕು ನೆನೆಸಿದ ನೀರು ಹಚ್ಚಿ. ಹತ್ತಿದ್ದನ್ನು ಎಳೆಯಬೇಡಿ, ಬೆಂಕಿಕಡ್ಡಿಯಿಂದ ಸುಡಬೇಡಿ. ಸುಟ್ಟರೆ ಅದು ಹೊಟ್ಟೆಯಲ್ಲಿದ್ದದ್ದನ್ನು ಗಾಯಕ್ಕೆ ಕಕ್ಕುತ್ತದೆ. ಬಾಯಿಯ ಕಡೆಗೆ ಉಗುರು ಜಾರಿಸಿ ಬಿಡಿಸಿ. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶ ಇರುವುದರಿಂದ ಸ್ವಲ್ಪ ಹೊತ್ತು ರಕ್ತ ಸೋರುತ್ತದೆ, ಹೆದರಬೇಡಿ, ತೊಳೆದು ಒತ್ತಿ ಹಿಡಿಯಿರಿ.

ಡಿಸೆಂಬರ್ ಬಂದ ಮೇಲೆ ಜಿಗಣೆಗಿಂತ ಉಣ್ಣೆಯ, ಅಂದರೆ ಮೈಗಂಟಿ ರಕ್ತ ಹೀರುವ ಉಣುಗಿನ, ಚಿಂತೆ ಮಾಡಿ. ಗಡಿಯಾಚೆಯ ಸತ್ತರಿ, ದೋಡಾಮಾರ್ಗ ಭಾಗಗಳಲ್ಲಿ ಮಂಗನ ಕಾಯಿಲೆ ಕಾಣಿಸಿಕೊಂಡಿದೆ, ಅದನ್ನು ಹರಡುವುದು ಉಣ್ಣೆ. ತರಗೆಲೆಯ ಮೇಲೆ ಕೂಡಬೇಡಿ, ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಅರಣ್ಯದವರಿಗೆ ತಿಳಿಸಿ. ಮನೆಗೆ ಬಂದು ಬಿಸಿನೀರು ಹಾಕಿಕೊಂಡು ಕಂಕುಳು, ತೊಡೆಸಂದು, ಕಿವಿಯ ಹಿಂದೆ ನೋಡಿಕೊಳ್ಳಿ. ಹತ್ತು ದಿನದೊಳಗೆ ಜೋರು ಜ್ವರ, ಮೈಕೈ ನೋವು ಬಂದರೆ ವೈದ್ಯರಿಗೆ ಕಾಡಿಗೆ ಹೋಗಿದ್ದನ್ನು ಮರೆಯದೆ ಹೇಳಿ.

ಖಾನಾಪುರದ ಕಾಡಿನಲ್ಲಿ ಮನುಷ್ಯರಿಗೆ ಹೆಚ್ಚು ಅಪಾಯ ತರುವ ಪ್ರಾಣಿ ಕರಡಿ. ಅದಕ್ಕೆ ಕಣ್ಣು ಮಂದ, ಗಾಳಿ ಎದುರಾಗಿದ್ದರೆ ನಿಮ್ಮ ವಾಸನೆಯೂ ಹತ್ತುವುದಿಲ್ಲ. ತೀರ ಹತ್ತಿರದಲ್ಲಿ ಬೆಚ್ಚಿಬಿದ್ದು ಮೇಲೆರಗುತ್ತದೆ. ನಸುಕು, ಮುಸ್ಸಂಜೆ ನಡೆಯಬೇಡಿ, ಪೊದೆ ದಟ್ಟವಿದ್ದಲ್ಲಿ ಮಾತಾಡುತ್ತಾ ಸಾಗಿ. ಕಂಡರೆ ಓಡಬೇಡಿ, ಮುಖ ಅದರ ಕಡೆಗೇ ಇಟ್ಟು ಗುಂಪಾಗಿ ಹಿಂದೆ ಸರಿಯಿರಿ. ಕಾಡುಕೋಣಕ್ಕೆ ದಾರಿ ಬಿಟ್ಟು ಮರದ ಮರೆಗೆ ಹೋದರೆ ಸಾಕು.

ಹೆಜ್ಜೆ 7: ಚಳಿಗಾಲದ ಬಾದಾಮಿ

ಬಾದಾಮಿಯ ಮರಳುಗಲ್ಲಿನ ಗೋಡೆಗಳು ದೇಶದ ರಾಕ್ ಕ್ಲೈಂಬಿಂಗ್ ಮಂದಿಗೆಲ್ಲ ಪರಿಚಿತ. ಗಟ್ಟಿ ಕಲ್ಲು, ಅಡ್ಡಡ್ಡ ಪದರಗಳಲ್ಲಿ ಬೆರಳು ಹಿಡಿಯುವ ಅಂಚು, ಹಗ್ಗ ಸಿಕ್ಕಿಸಲು ಕಲ್ಲಿಗೆ ಮೊದಲೇ ಬೋಲ್ಟ್ ಹೊಡೆದ ದಾರಿಗಳು. ನವೆಂಬರ್ ನಡುವಿನಿಂದ ಫೆಬ್ರವರಿವರೆಗೆ ಹತ್ತಬಹುದು. ಆಗಲೂ ನೆರಳಿನ ಬೆನ್ನು ಹತ್ತಬೇಕು: ಬೆಳಿಗ್ಗೆ ಪಶ್ಚಿಮಕ್ಕೆ ಮುಖವಿರುವ ಗೋಡೆ, ಮಧ್ಯಾಹ್ನದ ಮೇಲೆ ಪೂರ್ವಕ್ಕೆ ಮುಖವಿರುವ ಗೋಡೆ. ಬಿಸಿಲಿಗೆ ಕಾದ ಕಲ್ಲಿನ ಮೇಲೆ ಬೆರಳು ಬೆವತು ಹಿಡಿತ ತಪ್ಪುತ್ತದೆ.

ಮಳೆ ಬಿದ್ದ ಮೇಲೆ ಕಲ್ಲು ಮುಟ್ಟಬೇಡಿ. ಮರಳುಗಲ್ಲು ನೀರು ಹೀರುತ್ತದೆ, ಕಣಗಳನ್ನು ಬೆಸೆದಿರುವ ಅಂಟು ಮೆತ್ತಗಾಗಿ ಹಿಡಿಕೆಗಳು ಕಿತ್ತುಬರುತ್ತವೆ. ಮೇಲ್ಮೈ ಒಣಗಿದಂತೆ ಕಂಡರೂ ಒಳಗೆ ತೇವವಿರುತ್ತದೆ. 24 ತಾಸು ಕನಿಷ್ಠ, ನೆರಳಿನ ಗೋಡೆಗೆ 48 ತಾಸು ಕಾಯಿರಿ. ಬುಡದ ಮಣ್ಣನ್ನು ನಾಲ್ಕು ಬೆರಳು ಆಳ ಕೆದಕಿ ನೋಡಿ, ಹಸಿ ಇದ್ದರೆ ಕಲ್ಲೂ ಹಸಿ. ಕಿತ್ತುಹೋದ ಹಿಡಿಕೆ ಮತ್ತೆ ಬೆಳೆಯುವುದಿಲ್ಲ, ಆ ದಾರಿಯನ್ನು ಮುಂದಿನವರಿಗೂ ಕೆಡಿಸಿದಂತೆ.

ಹೊಸಬರು ತರಬೇತಾದ ಶಿಕ್ಷಕರಿಲ್ಲದೆ ಹಗ್ಗ ಕಟ್ಟಬಾರದು. ರಾಜ್ಯ ಸರ್ಕಾರದ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಇಲ್ಲಿ ಶಿಬಿರ ನಡೆಸುತ್ತದೆ, ಮೊದಲ ಪಾಠಕ್ಕೆ ಅದು ಒಳ್ಳೆಯ ಬಾಗಿಲು. ಖಾಸಗಿ ಶಿಕ್ಷಕರ ಜೊತೆ ಹೋಗುವುದಾದರೆ ಮೂರು ಸಂಗತಿ ಗಮನಿಸಿ: ಹೆಲ್ಮೆಟ್ ಕೊಡುತ್ತಾರೆಯೇ, ಹಗ್ಗ ಎಷ್ಟು ಹಳೆಯದೆಂದು ಕೇಳಿದರೆ ನೇರ ಉತ್ತರ ಕೊಡುತ್ತಾರೆಯೇ, ಮೇಲಿನ ಆಂಕರ್ (ಹಗ್ಗ ತೂಗುವ ಆಧಾರ) ಎರಡು ಬೇರೆ ಬೇರೆ ಬೋಲ್ಟಿಗೆ ಕಟ್ಟಿದೆಯೇ. ಒಂದಕ್ಕೆ ಇಲ್ಲವೆಂದರೂ ವಾಪಸ್ ಬನ್ನಿ.

ಹತ್ತಲು ಬಲ್ಲವರು ಒಯ್ಯಬೇಕಾದದ್ದು: 70 ಮೀಟರ್ ಡೈನಮಿಕ್ (ಬಿದ್ದಾಗ ಹಿಗ್ಗುವ) ಹಗ್ಗ, ಬೋಲ್ಟಿಗೆ ಹಗ್ಗ ಸೇರಿಸುವ 12ರಿಂದ 14 ಕ್ವಿಕ್‌ಡ್ರಾ, ಆಂಕರಿಗೆ ಎರಡು ಉದ್ದ ಸ್ಲಿಂಗ್ (ಪಟ್ಟಿಯ ಕುಣಿಕೆ), ನಾಲ್ಕು ಲಾಕಿಂಗ್ ಕ್ಯಾರಬಿನರ್ (ಬೀಗವಿರುವ ಕೊಂಡಿ), ಹೆಲ್ಮೆಟ್, ಬೆರಳಿಗೆ ಸುತ್ತುವ ಟೇಪ್. ಇಲ್ಲಿನ ಕಲ್ಲು ಒರಟು, ಎರಡನೇ ದಿನಕ್ಕೇ ಬೆರಳ ತುದಿ ಸವೆಯುತ್ತದೆ. ಪ್ರತಿ ಬಾರಿ ನೆಲ ಬಿಡುವ ಮುನ್ನ ಇಬ್ಬರೂ ಒಬ್ಬರನ್ನೊಬ್ಬರು ಈ ಕ್ರಮದಲ್ಲಿ ಪರೀಕ್ಷಿಸಿ: ಹಾರ್ನೆಸ್ ಬಕಲ್ ಬಿಗಿಯಾಗಿದೆ, ಎಂಟಂಕಿ ಗಂಟು ಪೂರ್ತಿಯಾಗಿ ಹಾರ್ನೆಸ್ಸಿನ ಎರಡೂ ಕುಣಿಕೆ ಹಾಯ್ದಿದೆ, ಬಿಲೇ ಸಾಧನದಲ್ಲಿ (ಕೆಳಗಿದ್ದವರು ಹಗ್ಗ ತಡೆದು ಹಿಡಿಯುವ ಸಲಕರಣೆ) ಹಗ್ಗ ಸರಿಯಾದ ದಿಕ್ಕಿಗಿದೆ, ಕ್ಯಾರಬಿನರ್ ಲಾಕ್ ಆಗಿದೆ, ಹಗ್ಗದ ಕೊನೆಗೆ ಗಂಟು ಬಿದ್ದಿದೆ. ಈ ಕೊನೆಯದನ್ನೇ ಜನ ಮರೆಯುತ್ತಾರೆ. ಹಗ್ಗ ದಾರಿಯ ಎತ್ತರದ ಎರಡು ಪಟ್ಟಿಗಿಂತ ಗಿಡ್ಡವಿದ್ದು ತುದಿಗೆ ಗಂಟಿಲ್ಲದಿದ್ದರೆ, ಇಳಿಸುವಾಗ ತುದಿ ಸಾಧನದಿಂದ ಜಾರಿ ಮೇಲಿದ್ದವರು ನೆಲಕ್ಕೆ ಬೀಳುತ್ತಾರೆ. ಅನುಭವಿಗಳಿಗೂ ಆಗುವ ಅಪಘಾತ ಇದು.

ಬೋಲ್ಟಿನ ತಲೆ ತುಕ್ಕು ಹಿಡಿದಿದ್ದರೆ, ಕೈಯಿಂದ ತಿರುಗಿಸಿದರೆ ಅಲ್ಲಾಡಿದರೆ ಆ ದಾರಿ ಬಿಡಿ. ಗುಹಾ ದೇವಾಲಯ, ಕೋಟೆ, ಗುಡಿಗಳಿರುವ ಸಂರಕ್ಷಿತ ಆವರಣದಲ್ಲಿ ಹತ್ತುವುದು, ಬೋಲ್ಟ್ ಹೊಡೆಯುವುದು, ಚಾಕ್ ಹಚ್ಚುವುದು ಖಂಡಿತ ಸಲ್ಲದು. ಮೂರನೇ ಗುಹೆಯ ಶಾಸನ 578ರದು, ಅದನ್ನು ಇಷ್ಟು ಶತಮಾನ ಕಾಪಾಡಿದ್ದೂ ಇದೇ ಕಲ್ಲು.

ಬಾದಾಮಿಯ ಅತಿ ದೊಡ್ಡ ಅಪಾಯ ಎತ್ತರವಲ್ಲ, ಹೆಜ್ಜೇನು. ಗೋಡೆಯ ಚಾಚು ಭಾಗಗಳಡಿ ಹಲಗೆಯಂತೆ ಜೋತುಬಿದ್ದ ಗೂಡುಗಳನ್ನು ದುರ್ಬೀನಿನಿಂದ ಮೊದಲೇ ನೋಡಿಕೊಳ್ಳಿ. ಸಮೀಪದಲ್ಲಿ ಗೂಡಿದ್ದರೆ ಆ ದಾರಿ ಬೇಡ. ಅತ್ತರು, ಹೊಗೆ, ಕೂಗಾಟ ಮೂರೂ ವರ್ಜ್ಯ. ಹುಳ ಎದ್ದರೆ ಕೆಳಗಿದ್ದವರು ಮೊದಲು ಮೇಲಿದ್ದವರನ್ನು ತಡಮಾಡದೆ ಇಳಿಸಬೇಕು, ಅದಕ್ಕಾಗಿ ಬಿಲೇ ಮಾಡುವವರು ತೆಳ್ಳನೆಯ ಉದ್ದತೋಳಿನ ಅಂಗಿ ಹಾಕಿರಲಿ. ಆಮೇಲೆ ಬಟ್ಟೆಯಿಂದ ಮುಖ ಮುಚ್ಚಿ, ಕೈ ಬೀಸದೆ, ಗೂಡಿನಿಂದ ದೂರ ಓಡಿ ಬಾಗಿಲಿರುವ ಜಾಗ ಸೇರಿ. ಮುಳ್ಳನ್ನು ಉಗುರಿನಿಂದ ಕೆರೆದು ತಕ್ಷಣ ತೆಗೆಯಿರಿ. ಉಸಿರು ಕಟ್ಟಿದರೆ, ತುಟಿ ಊದಿದರೆ ಆಸ್ಪತ್ರೆಗೆ ಓಡಿ.

ಹಗ್ಗ ಬೇಡವೆನ್ನುವವರಿಗೆ ಬಾದಾಮಿಯಿಂದ ಗುಡ್ಡದ ಮೇಲಿನ ಹಳೆಯ ದಾರಿ ಹಿಡಿದು ಮಹಾಕೂಟಕ್ಕೆ ನಡೆಯುವುದು ಚಳಿಗಾಲದ ಸೊಗಸಾದ ನಡಿಗೆ, ಸುಮಾರು ಐದು ಕಿ.ಮೀ. ಬೆಳಿಗ್ಗೆ ಏಳರೊಳಗೆ ಹೊರಡಿ, ದಾರಿಯಲ್ಲಿ ನೆರಳು ಕಡಿಮೆ. ಪುಷ್ಕರಣಿಯ ಬಳಿ ಬುತ್ತಿ ಬಿಚ್ಚಿ, ವಾಪಸ್ ಗಾಡಿಯಲ್ಲಿ ಬನ್ನಿ. ಬಾದಾಮಿಯ ಮಂಗಗಳಿಗೆ ಪ್ಲಾಸ್ಟಿಕ್ ಚೀಲದ ಸದ್ದು ಚೆನ್ನಾಗಿ ಗೊತ್ತು, ತಿನಿಸು ಜಿಪ್ ಇರುವ ಬೆನ್ನುಚೀಲದೊಳಗಿರಲಿ. ಬನಶಂಕರಿ ಜಾತ್ರೆಯ ದಿನಗಳಲ್ಲಿ, ಸಾಮಾನ್ಯವಾಗಿ ಜನವರಿಯಲ್ಲಿ, ವಸತಿ ಸಿಗುವುದು ಕಷ್ಟ. ಜಾತ್ರೆಗೆಂದೇ ಹೋಗುವವರು ಹೊರತು ಉಳಿದವರು ದಿನ ಬದಲಿಸಿಕೊಳ್ಳಿ.

ಇದೇ ಕಾಲದಲ್ಲಿ ಗೋಕಾಕ ತಾಲ್ಲೂಕಿನ ಧೂಪದಾಳದ ಹಿನ್ನೀರಿನಲ್ಲಿ, 1974ರಲ್ಲಿ ಘೋಷಣೆಯಾದ ಘಟಪ್ರಭಾ ಪಕ್ಷಿಧಾಮಕ್ಕೆ ವಲಸೆ ಹಕ್ಕಿಗಳು ಬರುತ್ತವೆ. ನವೆಂಬರ್‌ನಿಂದ ಮಾರ್ಚ್‌ವರೆಗೆ, ಸೂರ್ಯೋದಯದ ಎರಡು ತಾಸು. 8x42 ದುರ್ಬೀನು, ಮಾಸಲು ಬಣ್ಣದ ಅಂಗಿ, ಬಾಯಿಗೆ ಬೀಗ, ಇಷ್ಟು ಸಾಕು.

ಹೆಜ್ಜೆ 8: ಬೇಸಿಗೆ

ಬೆಳಿಗ್ಗೆ ಆರಕ್ಕೆ ಶುರು, ಒಂಬತ್ತಕ್ಕೆ ಮುಗಿಸಿ. ವಿಜಯಪುರ, ಬಾಗಲಕೋಟೆ ಕಡೆ ಬಂಡೆಯ ಹತ್ತಿರ ಹೋಗುವುದೇ ಬೇಡ. ಏಪ್ರಿಲ್, ಮೇ ಸಂಜೆಗಳಲ್ಲಿ ಅಡ್ಡಮಳೆಯ ಸಿಡಿಲು ಬೀಳುತ್ತದೆ. ಮಿಂಚು ಕಂಡು 30 ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿ.ಮೀ. ಒಳಗೇ ಇದೆ. ಕೋಟೆಯ ನೆತ್ತಿ, ಒಂಟಿ ಮರ, ನೀರು ಬಿಟ್ಟು ಕಟ್ಟಡ ಅಥವಾ ಕಾರಿನೊಳಗೆ ಹೋಗಿ, ಕೊನೆಯ ಗುಡುಗಿನ ನಂತರ 30 ನಿಮಿಷ ಹೊರಬರಬೇಡಿ. 'ದಾಮಿನಿ' ಆ್ಯಪ್ ಹಾಕಿಕೊಳ್ಳಿ. ಒಣ ಕಾಡಿನಲ್ಲಿ ಬೀಡಿ, ಸಿಗರೇಟು, ಒಲೆ ಯಾವುದೂ ಕೂಡದು.

ಹೆಜ್ಜೆ 9: ಚೀಲದಲ್ಲಿ ಏನಿರಬೇಕು

ತಲಾ 3 ಲೀಟರ್ ನೀರು, ಬೇಸಿಗೆಯಲ್ಲಿ 4. ಒಆರ್‌ಎಸ್ ಎರಡು ಪೊಟ್ಟಣ. ಅದಿಲ್ಲದಿದ್ದರೆ ಒಂದು ಲೀಟರ್ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಉಪ್ಪು ಹೆಚ್ಚಾದರೆ ಅಪಾಯ, ಅಳತೆ ಮೀರಬೇಡಿ. ಊಟಕ್ಕೆ ನಮ್ಮ ಕಟಕ ರೊಟ್ಟಿ, ಶೇಂಗಾ ಚಟ್ನಿ ಪುಡಿ, ಗೋಕಾಕ ಅಥವಾ ಅಮೀನಗಡದ ಕರದಂಟು. ರೊಟ್ಟಿ ಕೆಡುವುದಿಲ್ಲ, ಕರದಂಟಿನ ಬೆಲ್ಲ, ಅಂಟು, ಒಣಹಣ್ಣು ಒಂದು ತುಂಡಿನಲ್ಲೇ ಬಲ ಕೊಡುತ್ತವೆ. ಪ್ಯಾಕೆಟ್ ಬಿಸ್ಕಿಟಿಗಿಂತ ಇದೇ ಮೇಲು. ತಲೆಗೆ ಕಟ್ಟುವ ಟಾರ್ಚ್ ಹಗಲಿನ ನಡಿಗೆಗೂ ಇರಲಿ. ಸೀಟಿ, 15 ಮೀಟರ್ ಹಗ್ಗ, ಕ್ರೇಪ್ ಬ್ಯಾಂಡೇಜ್ ಎರಡು, ಪವರ್ ಬ್ಯಾಂಕ್, ಒಂದು ಜೊತೆ ಒಣ ಬಟ್ಟೆ. ಬಟ್ಟೆಯನ್ನು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬೆನ್ನುಚೀಲದೊಳಗಿಡಿ. ಘಟ್ಟದ ಅಡ್ಡಮಳೆಗೆ ಹೊರಗಿನ ಹೊದಿಕೆ ತಡೆಯುವುದಿಲ್ಲ, ನೀರು ಬೆನ್ನ ಕಡೆಯಿಂದ ಒಳಗಿಳಿಯುತ್ತದೆ. ಛತ್ರಿ ಗಾಳಿಗೆ ತಿರುವುತ್ತದೆ, ರೇನ್‌ಕೋಟೇ ಬೇಕು. ಜೀನ್ಸ್ ಬೇಡ, ತೊಯ್ದರೆ ಭಾರ, ಒಣಗಲು ಇಡೀ ದಿನ.

ಹೆಜ್ಜೆ 10: ಎಡವಟ್ಟಾದರೆ

ಹಾವು ಕಚ್ಚಿದರೆ ಕಚ್ಚಿಸಿಕೊಂಡವರನ್ನು ನಡೆಸಬೇಡಿ. ಉಂಗುರ, ಗಡಿಯಾರ, ಕಾಲ್ಗೆಜ್ಜೆ ತೆಗೆಯಿರಿ, ಕೈಕಾಲನ್ನು ಕೋಲು ಕಟ್ಟಿ ಅಲ್ಲಾಡದಂತೆ ಮಾಡಿ, ಹೊತ್ತು ಸಾಗಿಸಿ. ಕೊಯ್ಯಬೇಡಿ, ಹೀರಬೇಡಿ, ಬಿಗಿಯಾಗಿ ಕಟ್ಟಬೇಡಿ, ಮಂತ್ರ-ಬೇರಿಗೆ ಹೊತ್ತು ಕಳೆಯಬೇಡಿ. ಹಾವು ಹಿಡಿಯಲು ಹೋಗಬೇಡಿ, ದೂರದಿಂದ ಫೋಟೊ ಸಿಕ್ಕರೆ ಸಾಕು. ನಮ್ಮಲ್ಲಿ ಸಿಗುವ ವಿಷನಿರೋಧಕ ಔಷಧ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೆ ತಯಾರಾದದ್ದು. ಘಟ್ಟದ ಗಿಡಗಳಲ್ಲಿ ಎಲೆ ಬಣ್ಣಕ್ಕೆ ಹೊಂದಿಕೊಂಡು ಕೂಡುವ ಮಲಬಾರ್ ಗುಳಿಮಂಡಲದ ವಿಷಕ್ಕೆ ಅದು ನಾಟುವುದಿಲ್ಲ. ಆದ್ದರಿಂದ ಇಳಿಜಾರಿನಲ್ಲಿ ಆಸರೆಗೆಂದು ನೋಡದೆ ಕೊಂಬೆ ಹಿಡಿಯಬೇಡಿ. ಕಚ್ಚಿದರೆ ಆಗಲೂ ಆಸ್ಪತ್ರೆಗೇ ಹೋಗಬೇಕು, ಲಕ್ಷಣ ನೋಡಿ ಚಿಕಿತ್ಸೆ ಮಾಡುತ್ತಾರೆ. ಗಂಭೀರ ಸ್ಥಿತಿಯವರನ್ನು ಬೆಳಗಾವಿಯ ಜಿಲ್ಲಾ ಆಸ್ಪತ್ರೆಯಂಥ ದೊಡ್ಡ ಕಡೆ ಸೇರಿಸಿ.

ನೀರಿಗೆ ಬಿದ್ದವರ ಹಿಂದೆ ಜಿಗಿಯಬೇಡಿ. ಕೋಲು ಚಾಚಿ, ಹಗ್ಗ ಎಸೆಯಿರಿ, ಮುಚ್ಚಿದ ಖಾಲಿ ನೀರಿನ ಡಬ್ಬಿ ಕಟ್ಟಿದ ಹಗ್ಗವಾದರೆ ಇನ್ನೂ ಒಳ್ಳೆಯದು. ಎಸೆಯುವಾಗ ನೀವು ಬಂಡೆಯ ಅಂಚಿನಲ್ಲಿ ನಿಲ್ಲದೆ ಕೂತು ಅಥವಾ ಮಲಗಿ ಎಸೆಯಿರಿ.

ಆಂಬುಲೆನ್ಸಿಗೆ 108, ತುರ್ತು ನೆರವಿಗೆ 112, ಅರಣ್ಯ ಸಹಾಯವಾಣಿ 1926. ಫೋನ್ ಸಿಕ್ಕ ಕೂಡಲೇ ಮೊದಲು ಹೇಳಬೇಕಾದದ್ದು ಹತ್ತಿರದ ಊರಿನ ಹೆಸರು, ರಸ್ತೆಯ ಕಿಲೋಮೀಟರ್ ಕಲ್ಲಿನ ಅಂಕಿ, ಎಷ್ಟು ಜನ, ಏನಾಗಿದೆ. ಕಾಡಿನೊಳಗೆ ಸಿಗ್ನಲ್ ಇಲ್ಲದಿದ್ದರೆ ಇಬ್ಬರು ರಸ್ತೆಗೆ ಹೋಗಲಿ, ಒಬ್ಬರಾದರೂ ಗಾಯಾಳುವಿನ ಬಳಿ ಉಳಿಯಲಿ. ಅಂದರೆ ಗುಂಪಿನಲ್ಲಿ ಕನಿಷ್ಠ ನಾಲ್ಕು ಜನ ಇರಬೇಕು.

ಇದಕ್ಕೆಲ್ಲ ಮೊದಲು, ಮನೆಯಲ್ಲಿ ಒಂದು ಚೀಟಿ ಬರೆದಿಟ್ಟು ಹೊರಡಿ: ಯಾವ ದಾರಿ, ಎಷ್ಟು ಜನ, ಗಾಡಿಯ ನಂಬರ್, ಎಲ್ಲಿ ನಿಲ್ಲಿಸುತ್ತೀರಿ, ಎಷ್ಟು ಗಂಟೆಗೆ ಫೋನ್ ಮಾಡುತ್ತೀರಿ. ಆ ಹೊತ್ತು ಮೀರಿ ಎರಡು ತಾಸಾದರೂ ಸುದ್ದಿ ಇಲ್ಲದಿದ್ದರೆ ಮನೆಯವರು 112ಕ್ಕೆ ಫೋನ್ ಮಾಡಿ ಆ ಚೀಟಿಯನ್ನು ಓದಿ ಹೇಳಬೇಕು. ದಾರಿಯಲ್ಲಿ ಮನಸ್ಸು ಬದಲಾಗಿ ಬೇರೆ ಕಡೆ ಹೊರಟರೆ ಸಿಗ್ನಲ್ ಇರುವಾಗಲೇ, ಜಾಂಬೋಟಿ ದಾಟುವ ಮೊದಲು, ಮನೆಗೆ ತಿಳಿಸಿ.